ಬಾಲದ ಸಾನ್

ಜನವರಿ 11

ಮರೆವಿನ ಡಾಕ್ಟರು ಒಂದು ನೋಟುಬುಕ್ಕು ಇಡಲು ಹೇಳಿದ್ದಾರೆ. ಅಣ್ಣ ಏನು ಮರೆತ, ಯಾವತ್ತು ಮರೆತ, ಎಲ್ಲ ಬರೆಯಬೇಕಂತೆ. ಅತ್ತಿಗೆ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ಬರೆಯೋದು ನಿನ್ನ ಕಸುಬಲ್ವಾ, ನೀನೇ ಬರಿ" ಎಂದರು. ಬರೆಯುವುದು ನನ್ನ ಕಸುಬಲ್ಲ, ಬೇರೆಯವರು ಬರೆದದ್ದನ್ನು ಜೋಡಿಸುವುದು ನನ್ನ ಕಸುಬು. ಮೊದಲು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ, ಆಮೇಲೆ ಕಂಪ್ಯೂಟರು. ನಲವತ್ತು ವರ್ಷವಾದರೂ ಈ ವ್ಯತ್ಯಾಸ ಮನೆಯವರಿಗೆ ತಿಳಿಯಲಿಲ್ಲ. ಡಾಕ್ಟರಿಗೆ ಕೊಡುವ ಪಟ್ಟಿ ಬೇರೆ ಹಾಳೆಯಲ್ಲಿದೆ. ಈ ಪುಸ್ತಕ ನನಗೆ, ಹೊಟ್ಟೆಯೊಳಗಿನದನ್ನು ಹಾಕಲು.

ಇವತ್ತು ಅಣ್ಣ ತನ್ನ ಪುಸ್ತಕದ ಇನ್ನೂರ ಹದಿನಾಲ್ಕನೇ ಪುಟದ ಕರಡು ಹಿಡಿದುಕೊಂಡು, "ಇಲ್ಲೊಂದು ಕಿಟಕಿ ಯಾಕೆ ಬಂದಿದೆ?" ಎಂದ.

ಕಿಟಕಿಯಲ್ಲ, ಖಾಲಿ ಚೌಕ. ತನಗೆ ಗೊತ್ತಿಲ್ಲದ ಅಕ್ಷರ ಬಂದರೆ ಕಂಪ್ಯೂಟರು ಅಲ್ಲೊಂದು ಚೌಕ ಇಟ್ಟು ಕೈ ತೊಳೆದುಕೊಳ್ಳುತ್ತದೆ. ಹೋದ ತಿಂಗಳವರೆಗೂ ಇದನ್ನು ನನಗೆ ಬೈದು ಬೈದು ಹೇಳುತ್ತಿದ್ದವನು ಇದೇ ಅಣ್ಣ. ಅವನ ಪುಸ್ತಕದಲ್ಲಿ ಇಂಥ ಚೌಕಗಳು ಮುನ್ನೂರ ಎಂಟು. ಒಂದೊಂದರೊಳಗೂ ಇರಬೇಕಾದ್ದು ಅವನ ಅಕ್ಷರ.

ಅಕ್ಷರ ಹಳೆಯ ಗ್ರೀಕಿನದು. ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ಸಣ್ಣ ಊರಿನ ಹನ್ನೊಂದು ಶಾಸನಗಳಲ್ಲಿ ಮಾತ್ರ ಇದೆ. ನೋಡಲು ಇಂಗ್ಲಿಷಿನ ಎಮ್ಮಿನ ಹಾಗೆ. ಅದೇ ರೂಪದ ಇನ್ನೊಂದು ಅಕ್ಷರ ಬೇರೆ ಊರುಗಳಲ್ಲೂ ಇತ್ತು, ಅದರ ಹೆಸರು ಸಾನ್. ಅದು ಬಳಕೆ ತಪ್ಪಿ ಶತಮಾನಗಳಾದರೂ ಕಂಪ್ಯೂಟರಿನಲ್ಲಿ ಅದಕ್ಕೊಂದು ಜಾಗ ಸಿಕ್ಕಿದೆ. ಅಣ್ಣನ ಅಕ್ಷರಕ್ಕೆ ಬಲಗಾಲಿನ ತುದಿಯಲ್ಲಿ ಒಂದು ಪುಟ್ಟ ಬಾಲ. ಉಚ್ಚಾರವೂ ಬೇರೆ. ಸಾನ್ ಬರಿಯ 'ಸ', ಇದು 'ತ್ಸ'. ಮೂವತ್ತಾರು ವರ್ಷದ ಹಿಂದೆ ಅಣ್ಣ ಇದನ್ನು ತೋರಿಸಿಕೊಟ್ಟ ಮೇಲೆ ಓದಿದವರೆಲ್ಲ ಅದನ್ನು ಬಾಲದ ಸಾನ್ ಎಂದೇ ಕರೆಯುತ್ತಾರೆ.

ಲೋಕದ ಎಲ್ಲ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಯೊಂದಿದೆ, ಅದಕ್ಕೊಂದು ಸಮಿತಿ ಇದೆ. ಸಂಖ್ಯೆ ಇಲ್ಲದ ಅಕ್ಷರವನ್ನು ಹುಡುಕಲೂ ಆಗದು, ಇನ್ನೊಬ್ಬರಿಗೆ ಕಳಿಸಲೂ ಆಗದು. ಇಷ್ಟು ವರ್ಷ ನಾನು ಅದರ ಚಿತ್ರ ಅಂಟಿಸುತ್ತಿದ್ದೆ, ಬೇರೆ ಕಂಪ್ಯೂಟರಿಗೆ ಹೋದ ಕೂಡಲೇ ಉದುರಿಹೋಗುತ್ತಿತ್ತು. ಸಮಿತಿಗೆ ಅರ್ಜಿ ಹಾಕಿ ಒಂದೂವರೆ ವರ್ಷವಾಯಿತು. ಈ ವರ್ಷ ಮುಗಿಯುವುದರೊಳಗೆ ಅಣ್ಣನಿಗೆ ಓದುವುದು ನಿಂತುಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಅಕ್ಷರಕ್ಕೆ ಸಂಖ್ಯೆ ಬರಬೇಕು. ಬಂದದ್ದು ಅಣ್ಣನಿಗೆ ತಿಳಿಯಬೇಕು. ನನಗೆ ಬೇಕಾದ್ದು ಇಷ್ಟೇ, ಎರಡರಲ್ಲಿ ಒಂದೂ ನನ್ನ ಕೈಯಲ್ಲಿಲ್ಲ.

ಜನವರಿ 14

ನಮ್ಮ ಕಟ್ಟಡದ ಕೆಳಗೆ ನೀರಿನ ನೋಟೀಸು ಅಂಟಿಸಿದ್ದಾರೆ. ಆರು ಸಾಲಿನಲ್ಲಿ ನಾಲ್ಕು ತಪ್ಪು. ಮೇಲೆ ಬಂದು ಕೆಂಪು ಪೆನ್ನು ತೆಗೆದುಕೊಂಡು ಹೋಗಿ ತಿದ್ದಿದೆ. ಕಾವಲಿನವನು, "ನೀರು ಬರಲ್ಲ ಅಂತ ಎಲ್ಲರಿಗೂ ಅರ್ಥ ಆಯ್ತಲ್ಲ ಅಮ್ಮಾ, ನಿಮಗ್ಯಾಕೆ ಇಷ್ಟು ಉರಿ?" ಎಂದ. ಉರಿಯುತ್ತದೆ, ಏನು ಮಾಡಲಿ. ನನ್ನ ಕೈ ದಾಟಿ ಒಂದು ತಪ್ಪೂ ಅಚ್ಚಾದದ್ದಿಲ್ಲ.

ಇದನ್ನು ಹೇಳಿದರೆ ಅಣ್ಣ ಬಹಳ ನಕ್ಕ. "ನಮ್ಮ ಮೊಳೆ ಸತ್ತರೂ ತನ್ನ ಸಮಾಧಿಯ ಕಲ್ಲನ್ನ ಎದ್ದುಬಂದು ತಿದ್ದುತ್ತಾಳೆ" ಎಂದ. ಪ್ರೆಸ್ಸಿಗೆ ಸೇರಿದಾಗಿನಿಂದ ಅವನಿಗೆ ನಾನು ಮೊಳೆ. ಇವತ್ತು ಒಳ್ಳೆಯ ದಿನ. ಡಾಕ್ಟರ ಪಟ್ಟಿ ಖಾಲಿ.

ಫೆಬ್ರವರಿ 2

ಸಮಿತಿಯ ಕಾರ್ಯದರ್ಶಿಯಿಂದ ಪತ್ರ. ಎರಡು ಪ್ರಶ್ನೆ, ಎರಡೂ ನೇರ ಎದೆಗೆ. ಒಂದು: ಈ ಅಕ್ಷರ ಅಚ್ಚಾಗಿರುವ ಪುಸ್ತಕಗಳೆಂದು ನೀವು ಕೊಟ್ಟಿರುವ ಪುಟಗಳೆಲ್ಲ ಒಂದೇ ಮೂಲದಿಂದ, ಅಂದರೆ ಅರ್ಜಿದಾರರ ಮೊದಲ ಲೇಖನದಿಂದ, ನಕಲಾದಂತೆ ಕಾಣುತ್ತವೆ, ಹೌದೇ? ಎರಡು: ಬಾಲ ಎನ್ನುವುದು ಕಲ್ಲಿನ ಬಿರುಕಲ್ಲ ಎಂದು ಹೇಗೆ ತಿಳಿಯಬೇಕು? ಬಾಲವಿಲ್ಲದಿದ್ದರೆ ಇದು ಪಟ್ಟಿಯಲ್ಲಿ ಆಗಲೇ ಇರುವ ಸಾನ್, ಅದರ ಸಂಖ್ಯೆಯನ್ನೇ ಬಳಸಬಹುದು. ಕಲ್ಲಿನ ಫೋಟೋ ಕಳಿಸಿ, ಏಪ್ರಿಲ್ ಸಭೆಯೊಳಗೆ.

ಓದಿ ಹೇಳಿದೆ. ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತ. ಹತ್ತು ನಿಮಿಷ ಮಾತಾಡಿದ ನೋಡು, ತರಗತಿಯಲ್ಲಿ ಹೇಗೆ ಮಾತಾಡುತ್ತಿದ್ದನೋ ಹಾಗೆ! ಕಲ್ಲು, ಉಳಿ, ಉಳಿ ಹಿಡಿದವನ ಕೈಯ ಓಟ, 'ತ್ಸ' ಎಂಬ ಸದ್ದು ಯಾವ ಶಬ್ದದಲ್ಲಿ ಬರುತ್ತದೆ, ಯಾಕೆ ಬರುತ್ತದೆ. ನನ್ನ ಕೈ ಓಡದಷ್ಟು ಬೇಗ. ಬರೆದು ಮುಗಿಸಿ ತಲೆಯೆತ್ತಿದರೆ, "ಯಾರು ಕೇಳಿದ್ದು ಇದೆಲ್ಲ?" ಎಂದ.

ಫೆಬ್ರವರಿ 20

ವಸ್ತುಸಂಗ್ರಹಾಲಯದ ಉಗ್ರಾಣಕ್ಕೆ ಹೋಗಿದ್ದೆ. ಹನ್ನೊಂದು ಕಲ್ಲುಗಳಲ್ಲಿ ಮೂರು ಮಾತ್ರ ಇಲ್ಲಿವೆ, ಉಳಿದವು ಎಲ್ಲೆಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ. ನೆಲಮಾಳಿಗೆ. ಕಬ್ಬಿಣದ ಕಪಾಟುಗಳ ನಡುವೆ ಒಬ್ಬರೇ ನಡೆಯಬಹುದಾದಷ್ಟು ಜಾಗ. ಉಗ್ರಾಣ ನೋಡಿಕೊಳ್ಳುವಾಕೆಗೆ ಭಾರಿ ನೆಗಡಿ, ಎರಡು ಮಾತಿಗೊಂದು ಸೀನು. ಕೈಗಾಡಿಯ ಮೇಲೆ ಕಲ್ಲುಗಳನ್ನು ತಂದು ಮೇಜಿಗೆ ಏರಿಸಿದಳು. ದೀಪವನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಬಿಟ್ಟಳು. ಹಾಗೆ ಬಿಟ್ಟರೆ ಕೂದಲೆಳೆಯಷ್ಟು ಗೀರು ಕೂಡ ನೆರಳು ಕೊಡುತ್ತದೆ.

ಅಕ್ಷರ ಸಿಕ್ಕಿತು. ಬಾಲ ಸಿಗಲಿಲ್ಲ.

ದೀಪ ಆ ಕಡೆಯಿಂದ ಹಿಡಿಸಿದೆ, ಈ ಕಡೆಯಿಂದ ಹಿಡಿಸಿದೆ. ಬೆರಳು ಆಡಿಸಿದೆ. ನಾಲ್ಕು ಗೀರು, ಬಲಗಾಲು ಚೊಕ್ಕವಾಗಿ ನೆಟ್ಟಗೆ ಇಳಿದು ನಿಂತಿದೆ. ಎರಡನೇ ಕಲ್ಲಿನಲ್ಲೂ ಹಾಗೇ. ಮೂರನೆಯದರಲ್ಲಿ ಬಲಗಾಲಿನ ಹತ್ತಿರ ಕಲ್ಲೇ ಚಕ್ಕೆ ಎದ್ದಿದೆ, ಅಲ್ಲಿ ಏನಿತ್ತೋ ದೇವರೇ ಬಲ್ಲ.

"ನೀವೂ ಬಾಲ ಹುಡುಕ್ತಿದ್ದೀರಾ?" ಎಂದಳು ಉಗ್ರಾಣದಾಕೆ, ಮೂಗೊರೆಸಿಕೊಳ್ಳುತ್ತ. "ಬಂದವರೆಲ್ಲ ಅದನ್ನೇ ಹುಡುಕ್ತಾರೆ. ಬರುವಾಗಲೇ ಪುಸ್ತಕ ತಂದಿರ್ತಾರೆ, ಪುಸ್ತಕ ನೋಡ್ತಾರೆ, ಕಲ್ಲು ನೋಡ್ತಾರೆ, ಕಂಡಿತು ಅಂತ ಬರ್ಕೊಂಡು ಹೋಗ್ತಾರೆ. ನನಗೆ ಇಪ್ಪತ್ತು ವರ್ಷದಿಂದ ಒಂದು ದಿನವೂ ಕಂಡಿಲ್ಲ. ಓದಿದವರಿಗೆ ಕಾಣುತ್ತೇನೋ ಅಂತ ಸುಮ್ಮನಿದ್ದೀನಿ."

"ಬೆಳಕು ಸರಿಯಿಲ್ಲ" ಎಂದೆ.

"ಬೆಳಕು ಇದಕ್ಕಿಂತ ಇನ್ನೇನು ಸರಿಯಿರಬೇಕಮ್ಮಾ" ಎಂದು ಸೀನಿದಳು.

ಮೂರು ಕಲ್ಲಿನ ಫೋಟೋ ತೆಗೆದುಕೊಂಡು ಬಂದೆ. ಬಸ್ಸಿನಲ್ಲಿ ಕೂತು ನನಗೆ ನಾನೇ ಹೇಳಿಕೊಂಡೆ, ಬೆಳಕು ಸರಿಯಿರಲಿಲ್ಲ ಎಂದು.

ಫೆಬ್ರವರಿ 21

ಬೆಳಕು ಸರಿಯಾಗಿಯೇ ಇತ್ತು.

ಒಂದು ಸಲ ಬರೆದುಬಿಡುತ್ತೇನೆ. ಅಣ್ಣನ ಮೊದಲ ಲೇಖನ ನಮ್ಮ ಪ್ರೆಸ್ಸಿಗೇ ಬಂದಿತ್ತು. ಜೋಡಿಸಿದವಳು ನಾನು. ಇಡೀ ಲೇಖನದಲ್ಲಿ ಆ ಅಕ್ಷರ ಬರುತ್ತಿದ್ದದ್ದು ಒಂದೇ ಕಡೆ, ದೊಡ್ಡದಾಗಿ, ಮಧ್ಯದಲ್ಲಿ. ಅಂಥ ಮೊಳೆ ಎಲ್ಲಿಂದ ತರೋಣ? ಎಮ್ಮಿನ ಮೊಳೆ ತೆಗೆದುಕೊಂಡೆ. ಎಮ್ಮಿನ ಎರಡು ಕಾಲಿಗೂ ಅಡಿಯಲ್ಲಿ ಪಾದದಂಥ ಗೆರೆ ಇರುತ್ತದೆ, ಕಲ್ಲಿನ ಅಕ್ಷರಕ್ಕೆ ಅದು ಇರುವುದಿಲ್ಲ. ಅರ ಹಿಡಿದು ಆ ಪಾದಗಳನ್ನು ಉಜ್ಜಿದೆ. ಎಡಗಾಲು ಚೊಕ್ಕಟವಾಯಿತು. ಬಲಗಾಲಿನ ಹೊರತುದಿ ಚೂರು ಉಳಿದುಹೋಯಿತು. ಆ ಅಳತೆಯಲ್ಲಿ ಇದ್ದದ್ದು ಅದೊಂದೇ ಮೊಳೆ, ಇನ್ನೂ ಉಜ್ಜಲು ಹೋದರೆ ಕಾಲೇ ಮುರಿಯುತ್ತದೆ ಎಂದು ಬಿಟ್ಟೆ.

ಕರಡು ನೋಡಿ ಅಣ್ಣ ಕೇಳಿದ, "ಇಲ್ಲೊಂದು ಬಾಲ ಇದೆಯಲ್ಲ?"

ನನಗೆ ಆಗ ಇಪ್ಪತ್ತಾರು. ಕೆಲಸ ಬರುವುದಿಲ್ಲ ಅನ್ನಿಸಿಕೊಳ್ಳಲು ಇಷ್ಟವಿರಲಿಲ್ಲ, ಅದೂ ಅಣ್ಣನಿಂದ. "ನೀನು ಬರೆದುಕೊಟ್ಟ ಹಾಗೇ ಇದೆ" ಎಂದೆ.

ಅವನು ಮನೆಗೆ ಹೋಗಿ, ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ ತೆಗೆದ ತನ್ನ ಪಡಿಯಚ್ಚುಗಳನ್ನೆಲ್ಲ ಹರಡಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೂತ. ಸಂಜೆ ಪ್ರೆಸ್ಸಿಗೆ ಓಡಿಬಂದ. "ಮೊಳೇ, ನೀನು ನೋಡಿದ್ದೇ ಸರಿ. ನನ್ನ ಕೈ ಬರೆದಿತ್ತು, ಕಣ್ಣು ಗಮನಿಸಿರಲಿಲ್ಲ. ಬಾಲ ಇದೆ!" ಬಾಲದ ಬಗ್ಗೆ ಹೊಸದಾಗಿ ಒಂದು ಪ್ಯಾರಾ ಸೇರಿಸಿದ. ಅವನ ಮುಖ ಅಷ್ಟು ಬೆಳಗಿದ್ದನ್ನು ನಾನು ಮೊದಲು ನೋಡಿರಲಿಲ್ಲ. ನಾನು ಉಸಿರೆತ್ತಲಿಲ್ಲ. ಒಂದೆರಡು ವರ್ಷದಲ್ಲಿ ನಾನೂ ಅವನನ್ನು ನಂಬಿದೆ. ಓದಿದವನು, ಕಲ್ಲು ನೋಡಿದವನು, ಅವನೇ ಹೇಳಿದ ಮೇಲೆ ಇದ್ದರೂ ಇರಬಹುದು ಎಂದುಕೊಂಡೆ. ಆಮೇಲೆ ಮರೆತೇಬಿಟ್ಟೆ.

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ. ನಾಳೆ ಅಣ್ಣನಿಗೆ ಹೇಳುತ್ತೇನೆ, ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ. ಸಾನ್‌ನ ಸಂಖ್ಯೆಯನ್ನೇ ಹಾಕಿದರೆ ಮುನ್ನೂರ ಎಂಟು ಚೌಕವೂ ಒಂದು ಗಂಟೆಯಲ್ಲಿ ತುಂಬುತ್ತವೆ.

ಫೆಬ್ರವರಿ 22

ಹೇಳಲಿಲ್ಲ. ನಾನು ಹೋದಾಗ ಕ್ಷೌರದವನು ಬಂದಿದ್ದ. ಅಣ್ಣ ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು ಅವನಿಗೆ ಹೇಳುತ್ತಿದ್ದ: "ನನ್ನ ಹೆಸರು ಇರುತ್ತೋ ಬಿಡುತ್ತೋ, ನನ್ನ ಅಕ್ಷರ ಇರುತ್ತಪ್ಪ. ಎಲ್ಲಾ ಕಂಪ್ಯೂಟರಲ್ಲೂ, ನಿನ್ನ ಫೋನಲ್ಲೂ."

"ನನ್ನ ಫೋನಲ್ಲಾ?" ಎಂದ ಕ್ಷೌರದವನು. "ಅದರಲ್ಲಿ ಜಾಗ ಇಲ್ಲ ಸಾರ್, ಮೊಮ್ಮಗಳ ಫೋಟೋ ತುಂಬಿಬಿಟ್ಟಿವೆ."

ಅಣ್ಣ ನಕ್ಕು ನಕ್ಕು ಕತ್ತರಿ ಕಿವಿಗೆ ತಾಗುವುದರಲ್ಲಿತ್ತು. ಆ ನಗುವಿನ ಮೇಲೆ ಹೋಗಿ ಹೇಗೆ ಹೇಳಲಿ?

ಮಾರ್ಚ್ 9

ಸಮಿತಿಗೆ ಉತ್ತರ ಕಳಿಸಿದೆ. ಉಳಿ, ಸದ್ದಿನ ಬಗ್ಗೆ ಅಣ್ಣ ಅಂದು ಹೇಳಿದ್ದನ್ನೇ ಬರೆದೆ. ಬಾಲದ ಬಗ್ಗೆ ಅವನನ್ನು ಕೇಳಿದೆ, "ಹೂಂ, ಹೂಂ, ನಿನಗೆ ಗೊತ್ತಲ್ಲ" ಎಂದ, ಹಾಗಾಗಿ ನಾನೇ ಒಂದಿಷ್ಟು ಸೇರಿಸಿದೆ. ಮೂರನೇ ಕಲ್ಲಿನ ಫೋಟೋ ಮಾತ್ರ ಇಟ್ಟೆ. ಉಳಿದೆರಡು ಸ್ವಲ್ಪ ಮಸುಕು. ಚಿತ್ರದ ಅಂಚನ್ನು ತುಸು ಕತ್ತರಿಸಿದೆ, ಅಕ್ಷರ ದೊಡ್ಡದಾಗಿ ಕಾಣಲಿ ಎಂದು. ಹಾಗೆ ಕತ್ತರಿಸಿದಾಗ ಚಕ್ಕೆ ಎದ್ದ ಜಾಗದ ಒಂದು ಮೂಲೆ ಮಾತ್ರ ಉಳಿದು, ಬಾಲದಂತೆ ಕಾಣುತ್ತದೆ. ಸುಳ್ಳೇನೂ ಅಲ್ಲ. ಫೋಟೋದಲ್ಲಿ ಇದ್ದದ್ದೇ ಇದೆ.

ಅಣ್ಣ ಸಹಿ ಹಾಕಲು ಐದು ನಿಮಿಷ ತೆಗೆದುಕೊಂಡ.

ಮಾರ್ಚ್ 10

ಬರೆಯುವುದಕ್ಕೆ ಏನೂ ಇಲ್ಲ.

ಏಪ್ರಿಲ್ 18

ಬೆಳಿಗ್ಗೆ ಹನ್ನೊಂದಕ್ಕೆ ಕಾರ್ಯದರ್ಶಿಯೇ ಫೋನು ಮಾಡಿದರು. ಇಷ್ಟು ದಿನ ಅವರನ್ನು ಕನ್ನಡಕ ಹಾಕಿಕೊಂಡ ಒಣಕಲು ಮನುಷ್ಯ ಎಂದುಕೊಂಡಿದ್ದೆ. ದನಿ ಕೇಳಿದರೆ ಮೆತ್ತಗಿನ ಹೆಂಗಸು, ಹಿಂದೆ ಎಲ್ಲೋ ಕುಕ್ಕರು ಕೂಗುತ್ತಿತ್ತು.

"ಸಭೆಯಲ್ಲಿ ಅರ್ಧ ಜನ ಬೇಕು ಅಂದ್ರು, ಅರ್ಧ ಜನ ಬೇಡ ಅಂದ್ರು" ಎಂದರು. "ಚಿತ್ರದಲ್ಲಿ ಬಾಲ ಇದೆ ಅಂತ ಖಂಡಿತ ಹೇಳೋಕಾಗಲ್ಲ. ಆದರೆ ಕಲ್ಲು ಸವೆದಿರುತ್ತೆ, ಅದು ನಮಗೂ ಗೊತ್ತು. ನಿಮ್ಮಣ್ಣ ನಲವತ್ತು ವರ್ಷದ ಹಿಂದೆ ಹನ್ನೊಂದು ಕಲ್ಲನ್ನೂ ಕಣ್ಣಾರೆ ಕಂಡವರು. ಅವರೊಂದು ಹೇಳಿಕೆ ಬರೆದುಕೊಟ್ರೆ ಸಾಕು ಅಂತ ತೀರ್ಮಾನ ಆಗಿದೆ. ಅವರ ಹತ್ತಿರ ಒಂದು ನಿಮಿಷ ಮಾತಾಡಬಹುದಾ?"

ಅಣ್ಣ ನನ್ನೆದುರಿಗೇ ಕೂತು ಚಹಾದ ಲೋಟದೊಳಗೆ ಬೆರಳು ಅದ್ದಿ ಮೇಜಿನ ಮೇಲೆ ಗೀಚುತ್ತಿದ್ದ.

"ಮಲಗಿದ್ದಾನೆ" ಎಂದೆ.

"ಏಳಿಸಬೇಡಿ, ಪಾಪ. ಒಂದು ಮಾತು ಮಾತ್ರ ಅವರಿಗೆ ತಿಳಿಸಿ. ಒಂದು ಸಲ ಪಟ್ಟಿಗೆ ಸೇರಿದ ಅಕ್ಷರವನ್ನ ನಾವು ತೆಗೆಯೋ ಹಾಗಿಲ್ಲ. ಸಂಖ್ಯೆ ಬದಲಾಯಿಸೋ ಹಾಗಿಲ್ಲ, ಹೆಸರೂ ಅಷ್ಟೇ. ಬಾಲದ ಸಾನ್ ಅಂತ ಸೇರಿದ್ರೆ ಯಾವತ್ತಿಗೂ ಅದು ಬಾಲದ ಸಾನೇ. ಲೋಕದಲ್ಲಿ ಎಷ್ಟೋ ಕಡತಗಳು ಅದನ್ನ ನಂಬಿಕೊಂಡಿರ್ತವೆ, ನೋಡಿ. ಅದಕ್ಕೇ ಇಷ್ಟು ಕಾಡ್ತೀವಿ. ತಪ್ಪು ತಿಳ್ಕೋಬೇಡಿ."

ಇಷ್ಟು ಒಳ್ಳೆಯವರಾಗಿರಬಾರದಿತ್ತು. ಜಗಳಗಂಟಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಏಪ್ರಿಲ್ 20

ಹೇಳಿಕೆ ಬರೆದೆ. ಒಂದು ಪುಟ. 'ನಾನು ಹನ್ನೊಂದು ಶಿಲೆಗಳನ್ನೂ ಸ್ವತಃ ಪರೀಕ್ಷಿಸಿದ್ದು, ಬಲಗಾಲಿನ ಬಾಲವು ಉಳಿಯಿಂದ ಉದ್ದೇಶಪೂರ್ವಕವಾಗಿ ಕೊರೆದದ್ದೆಂದು...' ಹೀಗೆ. ಅಣ್ಣನ ವಾಕ್ಯಗಳ ನಡಿಗೆ ನನಗೆ ಬಾಯಿಪಾಠ, ಮೂವತ್ತಾರು ವರ್ಷ ಜೋಡಿಸಿದ್ದೇನೆ. ಎಲ್ಲಿ ಅಲ್ಪವಿರಾಮ ಇಡುತ್ತಾನೆ, ಎಲ್ಲಿ ಬಿಡುತ್ತಾನೆ, ಎಲ್ಲ ಬಂತು. ಓದಿದರೆ ಅವನದೇ ಅನ್ನಿಸಬೇಕು.

ಸಹಿ ಮಾಡಲು ಪೆನ್ನು ಕೊಟ್ಟರೆ ಅದನ್ನು ಹೇಗೆ ಹಿಡಿಯಬೇಕೆಂದು ಯೋಚಿಸುತ್ತ ಕೂತ. ಅವನ ಕೈಯ ಮೇಲೆ ನನ್ನ ಕೈಯಿಟ್ಟು ನಡೆಸಿದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ಇವರಿಗೆ ಅರ್ಥ ಆಗ್ತಿದೆಯಾ, ಯಾವುದಕ್ಕೆ ಹಾಕ್ತಿದ್ದೀನಿ ಅಂತ?" ಎಂದರು.

"ಇಡೀ ಜೀವನ ಇದಕ್ಕೇ ಕಾದಿದ್ದಾನೆ ಅತ್ತಿಗೆ" ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಒಳಗೆ ಹೋದರು.

ಮೇ 6

ನೀರಿನ ನೋಟೀಸು ಮತ್ತೆ ಬಂದಿದೆ. ಗುರುವಾರ ನೀರಿಲ್ಲ. ಮೂರು ತಪ್ಪು. ಓದಿಕೊಂಡು ಬಂದೆ, ಬಕೆಟ್ಟುಗಳನ್ನು ತೊಳೆದಿಟ್ಟೆ.

ಮೇ 27

ಅಣ್ಣನಿಗೆ ಅತ್ತಿಗೆಯ ಹೆಸರು ಹೋಗಿದೆ. "ಆ ಒಳ್ಳೆಯ ಹೆಂಗಸು" ಎನ್ನುತ್ತಾನೆ. ಅತ್ತಿಗೆ ನನ್ನೆದುರು ನಕ್ಕರು, "ಐವತ್ತು ವರ್ಷಕ್ಕೆ ಒಂದು ಸರ್ಟಿಫಿಕೇಟು ಸಿಕ್ತು ನೋಡು" ಎಂದರು. ಆಮೇಲೆ ಅಡುಗೆಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ನಿಂತರು. ಪಾತ್ರೆ ಒಂದೂ ಇರಲಿಲ್ಲ. ನಾನು ಕೈಕಟ್ಟಿಕೊಂಡು ಅಲ್ಲೇ ಕೂತಿದ್ದೆ.

ಜೂನ್ 13

"ಮೊಳೆ ಎಲ್ಲಿ? ಇವತ್ತು ಬರಲಿಲ್ವಾ?" ಎಂದು ನನ್ನನ್ನೇ ಕೇಳಿದ.

ಜೂನ್ 14

ಮತ್ತೆ ಕೇಳಿದ.

ಜೂನ್ 30

ಅತ್ತಿಗೆ ಇವತ್ತು ಬಾಯಿಬಿಟ್ಟರು. "ಆ ಅಕ್ಷರ ಬಂದ್ರೆ ಇವರು ಹುಷಾರಾಗ್ತಾರಾ? ನೀನು ದಿನಾ ಬಂದು ಆ ಕಂಪ್ಯೂಟರು ನೋಡ್ತೀಯ, ಪತ್ರ ಬಂತಾ ಅಂತ ನೋಡ್ತೀಯ, ಹೋಗ್ತೀಯ. ಒಂದು ದಿನ ಇವರ ಉಗುರು ಕತ್ತರಿಸಿದ್ದೀಯಾ? ಉಗುರು ನೋಡು ಹೇಗೆ ಬೆಳೆದಿದೆ!"

ಕಾಲು ಕೆರೆದುಕೊಂಡು ಜಗಳಕ್ಕೆ ನಿಂತೆ. ನಾನಲ್ಲದೆ ಅವನ ಹೆಸರು ಉಳಿಸುವವರು ಯಾರು, ನಿಮಗೆ ಆ ಅಕ್ಷರದ ಬೆಲೆ ಏನು ಗೊತ್ತು ಎಂದೆಲ್ಲ ಅಂದೆ. ಅಣ್ಣ ನಮ್ಮಿಬ್ಬರನ್ನೂ ಸರದಿಯಂತೆ ನೋಡುತ್ತಿದ್ದ, ಹೆದರಿದ್ದ. ಅದನ್ನು ನೋಡಿ ಇಬ್ಬರೂ ಸುಮ್ಮನಾದೆವು. ಆಮೇಲೆ ಉಗುರು ಕತ್ತರಿಸಿದೆ. ಬಲಗೈಯ ನಡುಬೆರಳಲ್ಲಿ ಪೆನ್ನು ಒತ್ತಿದ ಗಂಟು ಇನ್ನೂ ಇದೆ.

ಜುಲೈ 24

ಬಂತು! ಬಂತು! ಸಂಖ್ಯೆ ಬಂತು. ಪತ್ರವನ್ನು ಮೂರು ಸಲ ಓದಿದೆ, ನಾಲ್ಕನೇ ಸಲ ಗಟ್ಟಿಯಾಗಿ ಓದಿದೆ. 'ಗ್ರೀಕ್ ಅಕ್ಷರ ಬಾಲದ ಸಾನ್' ಎಂದು ಸೇರಿಸಿದ್ದಾರೆ. ಪಟ್ಟಿ ಸೆಪ್ಟೆಂಬರಿನಲ್ಲಿ ಪ್ರಕಟವಾಗುತ್ತದೆ. ಕಾರ್ಯದರ್ಶಿ ಕೊನೆಯಲ್ಲಿ ಕೈಯಿಂದಲೇ ಒಂದು ಸಾಲು ಬರೆದಿದ್ದಾರೆ: 'ಅವರಿಗೆ ನನ್ನ ಅಭಿನಂದನೆ ತಿಳಿಸಿ. ಹೇಳಿಕೆಯ ಭಾಷೆ ಎಷ್ಟು ಚೆನ್ನಾಗಿತ್ತು!'

ಬಸ್ಸಿಗೂ ಕಾಯದೆ ನಡೆದೇ ಹೋದೆ. ಅರವತ್ತೆರಡು ವರ್ಷದ ಮುದುಕಿ ಬೀದಿಯಲ್ಲಿ ಓಡುವ ಚಂದ ನೋಡಲು ಎರಡು ಕಣ್ಣು ಸಾಲದು. ಅಣ್ಣ ಕಿಟಕಿಯ ಹತ್ತಿರ ಕೂತಿದ್ದ. "ಅಣ್ಣಾ, ನಿನ್ನ ಅಕ್ಷರಕ್ಕೆ ಸಂಖ್ಯೆ ಸಿಕ್ಕಿತು" ಎಂದೆ.

"ಸಂತೋಷ" ಎಂದ ಬಹಳ ಮರ್ಯಾದೆಯಿಂದ. "ನಿಮ್ಮ ಮನೆಯವರಿಗೆಲ್ಲ ತಿಳಿಸಿದಿರಾ?"

ಕಣ್ಣಿಗೆ ಕಾಣದೆ ಹೇಗೆ ತಿಳಿಯಬೇಕು? ತಪ್ಪು ನನ್ನದೇ. ಅಚ್ಚು ಮಾಡಿ ಎದುರಿಗಿಡಬೇಕು. ನೋಡಿದರೆ ಗುರುತು ಹಿಡಿಯುತ್ತಾನೆ.

ಆಗಸ್ಟ್ 19

ಓದುವುದು ನಿಂತಿದೆ. ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದ. ನಾನು ತಿರುಗಿಸಿ ಕೊಟ್ಟೆ, ಅವನು ಪುನಃ ತಿರುಗಿಸಿ ಹಿಡಿದ. ಸೆಪ್ಟೆಂಬರಿಗೆ ಇನ್ನು ಹದಿಮೂರು ದಿನ. ತಡಿ ಅಣ್ಣ, ಸ್ವಲ್ಪ ತಡಿ.

ಸೆಪ್ಟೆಂಬರ್ 12

ಪಟ್ಟಿ ಪ್ರಕಟವಾಯಿತು. ನಮ್ಮ ಫಾಂಟಿಗೆ ಅಕ್ಷರವನ್ನು ನಾನೇ ಬರೆದು ಸೇರಿಸಿದೆ. ನಾಲ್ಕು ಗೀರು ಎಳೆದೆ, ಬಾಲ ಎಳೆದೆ. ಬಾಲ ಮೊದಲು ತುಸು ಉದ್ದವಾಯಿತು, ಕಡಿಮೆ ಮಾಡಿದೆ. ಆಮೇಲೆ ಪುಸ್ತಕ ತೆರೆದು ಒಂದೇ ಏಟಿಗೆ ಎಲ್ಲ ಚೌಕಗಳನ್ನೂ ಬದಲಾಯಿಸಲು ಹೇಳಿದೆ. ಮುನ್ನೂರ ಎಂಟು ಬದಲಾದವು ಎಂದು ತೋರಿಸಿತು. ಪುಟ ತಿರುಗಿಸುತ್ತ ಹೋದೆ. ಎಲ್ಲಿ ನೋಡಿದರೂ ಅಕ್ಷರ, ಕಪ್ಪಗೆ, ಗಟ್ಟಿಯಾಗಿ. ಇಷ್ಟು ಕಾದದ್ದಕ್ಕೆ ಕುಣಿಯಬೇಕಿತ್ತು. ಸುಸ್ತಾಗಿತ್ತು, ಮಲಗಿಬಿಟ್ಟೆ.

ಸೆಪ್ಟೆಂಬರ್ 15

ಮಧ್ಯಾಹ್ನ ಊಟವಾದ ಮೇಲೆ ಒಂದು ಪುಟ ಅಚ್ಚು ಮಾಡಿಕೊಂಡು ಹೋದೆ. ಎಡಗಡೆ ಅಕ್ಷರ ದೊಡ್ಡದಾಗಿ, ಅದರ ಕೆಳಗೆ ಸಂಖ್ಯೆ. ಬಲಗಡೆ ಮೊದಲನೇ ಕಲ್ಲಿನ ಫೋಟೋ. ಸಮಿತಿಗೆ ಆ ಫೋಟೋ ಕಳಿಸಿರಲಿಲ್ಲ. ಇವತ್ತು ಅದನ್ನೇ ಯಾಕೆ ಹಾಕಿದೆನೋ ಗೊತ್ತಿಲ್ಲ, ಅದು ಅವನ ಮೆಚ್ಚಿನ ಕಲ್ಲು, ಅದಕ್ಕಿರಬೇಕು. ಅತ್ತಿಗೆ ಅವನಿಗೆ ಕನ್ನಡಕ ಹಾಕಿದರು. ಹಾಳೆಯನ್ನು ಅವನ ತೊಡೆಯ ಮೇಲಿಟ್ಟೆ.

ಹಾಳೆಯ ಮೇಲೆ ಬಾಗಿದ. ಆಮೇಲೆ ಅವನ ಬೆರಳು ಫೋಟೋದ ಮೇಲೆ ಇಳಿಯಿತು. ಒಂದು ಗೀರು, ಎರಡು, ಮೂರು, ನಾಲ್ಕು. ಉಳಿ ಹೋದ ದಾರಿಯಲ್ಲೇ ಹೋಯಿತು. ಬಲಗಾಲಿನ ಬುಡಕ್ಕೆ ಬಂದು ನಿಂತಿತು. "ತ್ಸ" ಎಂದ, ಸ್ಪಷ್ಟವಾಗಿ.

ಅತ್ತಿಗೆ ನನ್ನ ತೋಳು ಹಿಡಿದುಕೊಂಡರು.

ಬೆರಳು ಎಡಗಡೆಗೆ ಹೋಯಿತು. ಅಚ್ಚಾದ ಅಕ್ಷರದ ಮೇಲೂ ಹಾಗೇ ನಡೆಯಿತು, ಒಂದು, ಎರಡು, ಮೂರು, ನಾಲ್ಕು. ಬಾಲದ ಮೇಲೆ ನಿಂತಿತು. ಮತ್ತೆ ಫೋಟೋಗೆ ಹೋಯಿತು, ಮತ್ತೆ ಬಂತು.

"ಇದು ಇಲ್ಲವಲ್ಲ" ಎಂದ.

"ಯಾವುದು ಅಣ್ಣ?"

"ಕಲ್ಲಲ್ಲಿ ಇದು ಇಲ್ಲ. ಇದನ್ನ ಯಾರು ಸೇರಿಸಿದ್ದು?" ತರಗತಿಯ ದನಿ. ಹುಡುಗರು ಕಲ್ಲು ನೋಡದೆ ಪುಸ್ತಕ ನೋಡಿ ಉತ್ತರ ಬರೆದರೆ ಬರುತ್ತಿದ್ದ ದನಿ.

"ನಾನು" ಎಂದೆ. ಅತ್ತಿಗೆ ಅಲ್ಲೇ ಇದ್ದಾರೆ ಎಂಬುದೂ ನೆನಪಾಗಲಿಲ್ಲ. ಎಲ್ಲ ಹೇಳಿದೆ. ಎಮ್ಮಿನ ಮೊಳೆ, ಅರ, ಉಳಿದುಹೋದ ಚೂರು, ಕರಡು ನೋಡಿ ಅವನು ಕೇಳಿದ್ದು, ನಾನು ಹೇಳಿದ ಸುಳ್ಳು, ಕತ್ತರಿಸಿದ ಫೋಟೋ, ಕೈ ಹಿಡಿದು ಹಾಕಿಸಿದ ಸಹಿ. ಅಳು ತಡೆಯಲಾಗಲಿಲ್ಲ. ಅವನು ತಲೆ ಒಂದು ಕಡೆ ವಾಲಿಸಿಕೊಂಡು ಕೇಳಿದ, ಪರೀಕ್ಷೆಯಲ್ಲಿ ತಡವರಿಸುವವರ ಮಾತು ಕೇಳುವಂತೆ, ತಾಳ್ಮೆಯಿಂದ.

"ನನಗೆ ಸಿಕ್ಕಿದ್ದು ಸದ್ದು ಕಣಮ್ಮ" ಎಂದ ಕೊನೆಗೆ. "ಆಕಾರ ಸಾನ್‌ದೇ, ಸದ್ದು ಬೇರೆ. ಅಷ್ಟು ಸಾಕು. ಬಾಲ ಯಾರಿಗೆ ಬೇಕಿತ್ತು?"

ಮತ್ತೆ ಬೆರಳನ್ನು ಬಾಲದ ಮೇಲಿಟ್ಟ.

"ತಿದ್ದಿಬಿಡಿ" ಎಂದ.

"ಆಗಲ್ಲ ಅಣ್ಣ. ಪಟ್ಟಿಗೆ ಸೇರಿಬಿಟ್ಟಿದೆ. ಇನ್ನು ಯಾರೂ ತೆಗೆಯೋ ಹಾಗಿಲ್ಲ."

"ಎಷ್ಟು ದಿನ?"

"ಯಾವತ್ತಿಗೂ."

ಅವನು ಹಾಳೆಯನ್ನು ಎರಡು ಕೈಯಲ್ಲೂ ಎತ್ತಿ ನನ್ನ ಕಡೆ ಚಾಚಿದ. ನಾನು ಕಣ್ಣೊರೆಸಿಕೊಳ್ಳುವ ಅವಸ್ಥೆ ನೋಡಿ ಪಾಪ ಅನ್ನಿಸಿರಬೇಕು, ದನಿ ಮೆತ್ತಗಾಯಿತು.

"ಅಳಬೇಡಿ. ನನ್ನ ತಂಗಿ ಪ್ರೆಸ್ಸಲ್ಲಿದ್ದಾಳೆ. ಅವಳಿಗೆ ಕೊಡಿ, ತಿದ್ದುತ್ತಾಳೆ. ಅವಳ ಕೈ ದಾಟಿ ಒಂದು ತಪ್ಪೂ ಹೋಗಲ್ಲ."

ಹಾಳೆ ತೆಗೆದುಕೊಂಡೆ. ಕೊಡುತ್ತೇನೆ ಎಂದೆ.